ನಾಲ್ಕೋ ಹನ್ನೆರಡೋ

ಸಂಜೆ ಆರರೊಳಗೆ ದಾನೇಶ್ವರಿ ಒಂದು ಮಾತು ಹೇಳಬೇಕಿತ್ತು: ನಾಲ್ಕೋ, ಹನ್ನೆರಡೋ. ಬೊರಿವಲಿಯಿಂದ ಹೊರಟ ಲೋಕಲ್ ರೈಲಿನಲ್ಲಿ ತಾಯಿ ಗುರುಬಾಯಿಯ ಪಕ್ಕ ಕೂತು ಅವಳು ಅದನ್ನೇ ಉರು ಹೊಡೆಯುತ್ತಿದ್ದಳು. ಗಂಟೆ ಮೂರು ದಾಟಿತ್ತು.

ದಾದರಿನ ಸೀರೆ ಅಂಗಡಿಯಲ್ಲಿ ಹನ್ನೊಂದು ವರ್ಷ ನಿಂತು ಕಾಲು ಸವೆಸಿದವಳು ಅವಳು. ಹೆಂಗಸರ ಹೆಗಲಿಗೆ ಸೆರಗು ಹಾಕಿ ‘ಇದು ಒಪ್ಪುತ್ತೆ, ಇದು ಬೇಡ’ ಅನ್ನುವುದರಲ್ಲಿ ಅವಳ ಕಣ್ಣು ತಪ್ಪಿದ್ದಿಲ್ಲ. ಈಗ ಆ ಕಣ್ಣಿಗೊಂದು ಶಾಸ್ತ್ರ ಬೇಕೆನಿಸಿತ್ತು. ಮೈಬಣ್ಣ ನೋಡಿ ಯಾರು ವಸಂತ, ಯಾರು ಬೇಸಿಗೆ, ಯಾರು ಶರದೃತು, ಯಾರು ಚಳಿಗಾಲ ಎಂದು ವಿಂಗಡಿಸಿ, ಅವರವರ ಋತುವಿಗೆ ತಕ್ಕ ಬಣ್ಣ ಹೇಳುವ ಹೊಸ ಕಸುಬು. ಕಲಿಸುವವರು ಇಬ್ಬರು ಸಿಕ್ಕರು, ಫಜೀತಿ ಶುರುವಾದದ್ದೇ ಅಲ್ಲಿ. ಬೊರಿವಲಿಯ ಜ್ಯೋತ್ಸ್ನಾ ಮೇಡಂದು ನಾಲ್ಕೇ ಋತು; ಕಿಟಕಿಯ ಬೆಳಕು, ಬಣ್ಣದ ಬಟ್ಟೆ, ಬರಿಗಣ್ಣು. ವಡಾಲದ ಈಶ್ವರ ಸರ್‌ದು ಹನ್ನೆರಡು. ಒಂದೊಂದು ಋತುವಿಗೆ ಮೂರು ಕವಲು, ಜೊತೆಗೆ ಕೆನ್ನೆಗೆ ಒತ್ತಿ ಬಣ್ಣ ಅಳೆಯುವ ಮಷೀನು. ಎರಡೂ ತರಗತಿ ಸೋಮವಾರವೇ ಆರಂಭ, ಹೆಸರು ಕೊಡಲು ಇವತ್ತು ಸಂಜೆ ಆರೇ ಗಡುವು. ಒಂದಕ್ಕೆ ಕಣ್ಣು ಒಗ್ಗಿದರೆ ಆಮೇಲೆ ಬದಲಿಸುವುದು ಕಷ್ಟ ಎಂದು ಇಬ್ಬರೂ ಹೆದರಿಸಿದ್ದರು. ಅದೊಂದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ.

ಪರೀಕ್ಷೆ ಮಾಡಿಯೇ ಬಿಡೋಣವೆಂದು ಎರಡೂ ಕಡೆ ಒಂದೇ ಮುಖ ಒಯ್ದಳು, ಅವ್ವನದು. ನಿನ್ನೆ ವಡಾಲದಲ್ಲಿ ಮಷೀನು ಚಳಿಗಾಲ ಅಂದಿತು. ನೀಲಿ ಬಟ್ಟೆ ಹಿಡಿದಾಗ ಅವ್ವನ ಮುಖ ಬೆಳಗಿದ್ದನ್ನು ದಾನೇಶ್ವರಿ ಕಣ್ಣಾರೆ ಕಂಡಳು. ಇವತ್ತು ಬೊರಿವಲಿಯಲ್ಲಿ ನೀಲಿ ಹಿಡಿದರೆ ಅದೇ ಮುಖ ಕಾಮಾಲೆ ಬಂದಂತೆ ಪೆಚ್ಚಾಯಿತು, ಇಟ್ಟಿಗೆ ಬಣ್ಣಕ್ಕೆ ಅರಳಿತು. ಮೇಡಂ ಶರದೃತು ಅಂದರು. ದಾನೇಶ್ವರಿ ಅದನ್ನೂ ಕಣ್ಣಾರೆ ಕಂಡಳು.

ಇಬ್ಬರಲ್ಲಿ ಒಬ್ಬರು ಸುಳ್ಳು ಎಂದಾಗಿದ್ದರೆ ಇಷ್ಟು ಚಿಂತೆಯಿರಲಿಲ್ಲ. ಎರಡೂ ಕಡೆ ಹೌದು ಹೌದೆಂದು ತಲೆಯಾಡಿಸಿದ ತನ್ನ ಕಣ್ಣೇ ಸುಳ್ಳಾದರೆ? ಹನ್ನೊಂದು ವರ್ಷ ಎಷ್ಟು ಹೆಂಗಸರನ್ನು ನಂಬಿಸಿ ಕಳಿಸಿದ್ದಳೋ! ಗುರುಬಾಯಿ ಮಾತ್ರ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಮೇಡಂ ಮನೆಯಲ್ಲಿ ಕುರ್ಚಿಗೆ ಕೂರುವ ಮುಂಚೆ ಆಕೆ, “ದಾನವ್ವಾ, ಮಾರಿ ತೊಳಕೊಂಡ ಬರ್ಲೇನ?” ಎಂದು ಕೇಳಿದ್ದಳು. ಆ ನುಣುಪು ನೆಲ, ಬಿಳಿ ಪರದೆಗಳ ನಡುವೆ ಮಗಳಿಗೆ ನಾಚಿಕೆಯಾಗಿ, “ಸುಮ್ನ ಕುಂದ್ರವ್ವ, ಇಲ್ಲಿ ಬಾಯಿ ತೆಗೀಬ್ಯಾಡ” ಎಂದು ಗದರಿದ್ದಳು. ಆಮೇಲೆ ಆಕೆ ತುಟಿ ಬಿಚ್ಚಿರಲಿಲ್ಲ.

ಮುಲುಂಡ್‌ನ ಮನೆ ಮುಟ್ಟಿದಾಗ ಐದು ಗಂಟೆ. ಗುರುಬಾಯಿ ಸೋಪು ಹಚ್ಚಿ ಮುಖ ತೊಳೆದು, ಬಿಳಿ ಟವೆಲಿನಿಂದ ಒರೆಸಿ, ಅದನ್ನು ಬಾಗಿಲ ಮೇಲೆ ಹರವಿದಳು. ದಾನೇಶ್ವರಿ ಟವೆಲನ್ನೇ ನೋಡುತ್ತ ನಿಂತಳು. ಅದು ಹಳದಿಯಾಗಿತ್ತು.

“ಯವ್ವಾ, ಅರಿಷಿಣ ಹಚ್ಚಿದ್ದೇನ?”

“ಇವತ್ತ ಶುಕ್ರವಾರ ಅಲ್ಲೇನ? ಶುಕ್ರವಾರದ ಜಳಕಕ್ಕ ಎಂದರ ಅರಿಷಿಣ ಬಿಟ್ಟೀನೇನ? ಅದಕ್ಕ ತೊಳಕೊಂಡ ಬರ್ಲೇನ ಅಂದೆ. ನೀ ಬಾಯಿ ತೆಗೀಬ್ಯಾಡ ಅಂದಿ.”

ದಾನೇಶ್ವರಿ ಕಪಾಟಿನಿಂದ ನೀಲಿ ಸೀರೆ ಎಳೆದು, ತಾಯಿಯನ್ನು ಬಾಲ್ಕನಿಯ ಬೆಳಕಿಗೆ ನಿಲ್ಲಿಸಿ, ಗದ್ದದ ಕೆಳಗೆ ಹಿಡಿದಳು. ಮುಖ ನಿನ್ನೆಯಂತೆಯೇ ಬೆಳಗಿತು. ಕಣ್ಣು ತಪ್ಪಿರಲಿಲ್ಲ, ಮುಖದ ಮೇಲಿದ್ದುದನ್ನೇ ಎರಡೂ ದಿನ ಕಂಡಿತ್ತು. ಮೊದಲು ಜೀವ ಬಂದಂತಾಯಿತು, ಹಿಂದೆಯೇ ಅವ್ವನ ಬಾಯಿ ಮುಚ್ಚಿಸಿದ್ದಕ್ಕೆ ನಾಚಿಕೆಯಾಯಿತು.

ಐದೂವರೆಗೆ ಈಶ್ವರ ಸರ್‌ಗೆ ಫೋನು ಹಚ್ಚಿದಳು. ಬಂದವರನ್ನು ಮೊದಲು ಏನು ಕೇಳುತ್ತೀರಿ ಎಂದಳು.

“ಕೇಳೋದೇನು? ಮಷೀನ್ ಇದೆಯಲ್ಲ. ಅವರ ಮಾತು ಕೇಳಿದ್ರೆ ಸಬ್ ಕನ್‌ಫ್ಯೂಸ್.”

“ಅರಿಷಿಣ ಹಚ್ಚಿದ್ರ?”

“ನಮ್ಮ ಕ್ಲೈಂಟ್ಸ್ ಅಂಥವರಲ್ಲ ಬಿಡಿ.”

ನಿನ್ನೆ ಮಷೀನು ಗೆದ್ದದ್ದು ಗುರುವಾರದ ಪುಣ್ಯದಿಂದ ಎಂದು ಅವಳಿಗೆ ಗೊತ್ತಾಯಿತು. ಜ್ಯೋತ್ಸ್ನಾ ಮೇಡಂಗೂ ಅದೇ ಪ್ರಶ್ನೆ ಕೇಳಿದಳು, ನಡೆದದ್ದನ್ನೂ ಹೇಳಿದಳು.

“ಮುಖ ತೊಳೀಲಾ ಅಂದಿದ್ದು ನನಗೂ ಕೇಳಿಸ್ತು ಕಣ್ರೀ. ಯಾಕೆ ಅಂತ ಕೇಳಬೇಕಿತ್ತು, ಕೇಳಲಿಲ್ಲ. ನನ್ನದೇ ತಪ್ಪು. ಸೋಮವಾರ ಅಮ್ಮನ್ನ ಕರ್ಕೊಂಡು ಬನ್ನಿ, ಪಾಠ ಅಲ್ಲಿಂದಲೇ ಶುರು ಮಾಡೋಣ.”

“ನಾಲ್ಕೇ ಸಾಕು ಮೇಡಂ, ಬರ್ತೀನಿ” ಎಂದಳು ದಾನೇಶ್ವರಿ. ಆರಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಸೋಮವಾರದ ತನಕ ಕಾಯುವ ತಾಳ್ಮೆ ಅವಳಿಗೆಲ್ಲಿ? ಅವ್ವನಿಗೆ ಬಾಲ್ಕನಿಯಲ್ಲೇ ಕುರ್ಚಿ ಹಾಕಿ ಕೂರಿಸಿದಳು. ಬಟ್ಟೆ ಮುಟ್ಟಲಿಲ್ಲ, ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

“ಯವ್ವಾ, ಮಾರಿಗೆ ಏನರ ಹಚ್ಚೀಯೇನ?”

ಗುರುಬಾಯಿ ಮಗಳ ಮುಖವನ್ನೇ ನೋಡಿದಳು. ಆಕೆಯ ಮಾತಿನಲ್ಲಿ ಚೇಷ್ಟೆ ಇರಲಿಲ್ಲ, ನಿಜವಾಗಿಯೂ ಅಪ್ಪಣೆ ಕೇಳುವವಳಂತೆ ದನಿ ತಗ್ಗಿಸಿದಳು.

“ಈಗ ಬಾಯಿ ತೆಗೀಲೇನ?”