ಒಂದಂಕದ ಸೋಲು

ಆ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಊಟದ ಮೇಜನ್ನು ಎರಡು ಸಲ ಒರೆಸುತ್ತಿದ್ದರು. ಮೊದಲನೆಯದು ಊಟಕ್ಕಾಗಿ, ಎರಡನೆಯದು ಆಟಕ್ಕಾಗಿ. ಕಾರ್ಡಿಗೆ ಜಿಡ್ಡು ತಾಗಿದರೆ ಅಕ್ಕ ಸಹಿಸುತ್ತಿರಲಿಲ್ಲ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ವರ್ಷಗಟ್ಟಲೆ ಉತ್ತರಪತ್ರಿಕೆಗಳನ್ನು ತಿದ್ದಿ ಮನುಷ್ಯರ ಬೆರಳುಗಳ ಬಗ್ಗೆ ಅವಳಿಗೆ ಒಳ್ಳೆಯ ಅಭಿಪ್ರಾಯ ಉಳಿದಿರಲಿಲ್ಲ. ಅವಳ ಗಂಡ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವವರು. ಬರೆದ ಹೊತ್ತಿಗೆ ಯಾವ ಬಸ್ಸೂ ಬರುವುದಿಲ್ಲವೆಂದು ತಿಳಿದೂ ಬರೆಯುತ್ತಿರಬೇಕಾದ ಕೆಲಸವಾದ್ದರಿಂದ ತಾಳ್ಮೆಗೆ ಬರವಿರಲಿಲ್ಲ. ಮೂರನೆಯವನು ಅಕ್ಕನ ತಮ್ಮ. ಎರಡು ಬೀದಿ ಆಚೆ ಬೀಗ ರಿಪೇರಿಯ ಅಂಗಡಿ ಇಟ್ಟವನು, ವಯಸ್ಸು ಮೂವತ್ತೆರಡು, ಇನ್ನೂ ಮದುವೆಯಿಲ್ಲ.

ಗೋಡೆಯ ಕಪಾಟಿನ ತುಂಬ ಆಟದ ಪೆಟ್ಟಿಗೆಗಳಿದ್ದವು. ಹಾವು ಏಣಿ ಆಡಿ ಬೆಳೆದವರಿಗೆ ಇವು ಆಟಗಳೆಂದು ನಂಬಿಸುವುದೇ ಕಷ್ಟ. ಒಂದರಲ್ಲಿ ಜೇನು ಸಾಕಬೇಕು, ಇನ್ನೊಂದರಲ್ಲಿ ಗಾಜಿನ ಕಿಟಕಿಗೆ ಬಣ್ಣದ ತುಂಡು ಕೂಡಿಸಬೇಕು, ಮತ್ತೊಂದರಲ್ಲಿ ಮ್ಯೂಸಿಯಂಗೆ ಕನ್ನ ಹಾಕಬೇಕು. ಬೀಗದವನಿಗೆ ಈ ಕೊನೆಯದು ಹಿಡಿಸಿರಲಿಲ್ಲ. ಅದರಲ್ಲಿ ಬೀಗಗಳನ್ನು ತೀರಾ ಹಗುರವಾಗಿ ಕಂಡಿದ್ದಾರೆ ಎನ್ನುವುದು ಅವನ ದೂರು.

ಯಾವ ವಾರ ಯಾವ ಪೆಟ್ಟಿಗೆ ಇಳಿಯಬೇಕು ಎಂಬುದಕ್ಕೆ ಅಲ್ಲಿ ಒಂದೇ ಕಾಯಿದೆ: ಕಳೆದ ವಾರ ಕೊನೆಗೆ ಬಂದವರು ಈ ವಾರದ ಆಟ ಆರಿಸಬೇಕು. ಇದನ್ನು ಅಕ್ಕ ಮಾಡಿದ್ದು ಅವಳಿಗೆ ಹದಿಮೂರು, ತಮ್ಮನಿಗೆ ಆರು ಇದ್ದಾಗ. ಸೋತರೆ ಅವನು ಕಾಯಿಗಳನ್ನೆಲ್ಲ ಮಂಚದ ಕೆಳಗೆ ಎಸೆದು, ತಾನೂ ಅಲ್ಲೇ ಸೇರಿಕೊಂಡು, ಕರೆದರೆ ಬರುತ್ತಿರಲಿಲ್ಲ. ಸೋತವನ ಕೈಗೂ ಏನಾದರೂ ಸಿಗಲಿ ಎಂದು ಅಕ್ಕ ಈ ಹಕ್ಕನ್ನು ಕಟ್ಟಿಕೊಟ್ಟಳು. ಆಮೇಲೆ ಅವನಿಗೆ ಅದು ಹೆಚ್ಚು ಬೇಕಾಗಲಿಲ್ಲ. ಗೆಲ್ಲತೊಡಗಿದ. ಪೂರ್ತಿ ಗೆಲ್ಲದಿದ್ದರೆ ಎರಡನೆಯವನಂತೂ ಆಗುತ್ತಿದ್ದ. ಬೀಗಕ್ಕೆ ಹೇಗೋ ಆಟಕ್ಕೂ ಹಾಗೇ ಬೆರಳ ತುದಿಯಲ್ಲಿ ಬುದ್ಧಿ ಬೇಕು ಎಂದು ಗಿರಾಕಿಗಳಿಗೆ ಹೇಳಿಕೊಳ್ಳುವಷ್ಟು ದೂರ ಈ ನಂಬಿಕೆ ಬೆಳೆದಿತ್ತು.

ಅಂಥವನಿಗೆ ಈಗ ಸೋಲು ಬೇಕಾಗಿತ್ತು. ಅದೂ ಈ ಭಾನುವಾರವೇ.

ಕಾರಣ ಒಬ್ಬ ಹೆಣ್ಣುಮಗಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಅವಳ ಕೋಣೆಯ ಬಾಗಿಲು ಒಳಗಿನಿಂದ ಕಚ್ಚಿಕೊಂಡಾಗ ಇವನನ್ನು ಕರೆಸಿದ್ದರು. ಬಾಗಿಲು ಹತ್ತು ನಿಮಿಷಕ್ಕೆ ತೆರೆಯಿತು. ಇವನು ಆಮೇಲೆ ಮೂರು ಸಲ ಅದನ್ನು ಪರೀಕ್ಷಿಸಲು ಹೋದ. ಅದಾಗಿ ಏಳು ತಿಂಗಳು. ಭಾನುವಾರ ನಮ್ಮ ಅಕ್ಕನ ಮನೆಗೆ ಬಾ, ಆಟ ಇರುತ್ತದೆ ಎಂದು ಕರೆದಾಗ ಅವಳ ಮುಖ ಬಾಡಿತು. ಅವಳ ಮನೆಯಲ್ಲೂ ಆಟವಿತ್ತಂತೆ. ಅಪ್ಪ ಸೋತರೆ ಎರಡು ದಿನ ಮನೆಯಲ್ಲಿ ತಟ್ಟೆಯ ಸದ್ದೂ ಆಗಬಾರದು. ಕೊನೆಗೆ ಒಂದು ದಿನ ಅವಳಮ್ಮ ಹಲಗೆಯನ್ನು ನೀರೊಲೆಗೆ ಹಾಕಿ, ಇನ್ನು ಈ ಮನೆಯಲ್ಲಿ ಯಾರೂ ಗೆಲ್ಲೋದು ಬೇಡ ಎಂದುಬಿಟ್ಟರಂತೆ. ಇಷ್ಟು ಹೇಳಿ ಅವಳು ಕೇಳಿದಳು:

"ಸೋತಾಗ ನೀನು ಹೇಗಿರ್ತೀಯಾ?"

"ಗೊತ್ತಿಲ್ಲ. ನಾನು ಅಷ್ಟಾಗಿ ಸೋಲೋದಿಲ್ಲ," ಎಂದ ಇವನು, ಮೆಚ್ಚುಗೆಯ ಮಾತು ಬರಬಹುದೆಂಬ ನಿರೀಕ್ಷೆಯಲ್ಲಿ.

ಬರಲಿಲ್ಲ. ಅವಳು ಇವನನ್ನು ನೋಡಿದ ರೀತಿ, ಪದಕ ಗೆದ್ದವನನ್ನು ನೋಡುವ ರೀತಿಯಲ್ಲ, ಬೆಳಕಿಗೆ ಎತ್ತಿ ಹಿಡಿದ ಫಿಲ್ಮನ್ನು ನೋಡುವ ರೀತಿ. ಆಮೇಲೆ ಒಂದು ಸಲ ಬಂದು ನೋಡುತ್ತೇನೆ, ಒಂದೇ ಸಲ ಎಂದಳು. ಈ ಭಾನುವಾರ ಬಿಟ್ಟು ಮುಂದಿನದು ಎಂದು ನಿಶ್ಚಯವಾಯಿತು. ಆ ಒಂದು ಸಲದ ಮೇಲೆ ಏನೆಲ್ಲ ನಿಂತಿದೆ ಎಂಬುದು ಇವನಿಗೆ ಅರ್ಥವಾಯಿತು. ಹಾಗಿದ್ದೂ ಅಕ್ಕನ ಮುಂದೆ, ಆ ಹುಡುಗಿಗೆ ಆಟ ಅಂದರೆ ಪ್ರಾಣ ಎಂದು ಹೇಳಿ ಬಂದ. ಅಕ್ಕನಿಗೆ ಹಿಡಿಸಲಿ ಎಂಬ ಆಸೆ. ಸುಳ್ಳಿಗೆ ಅಷ್ಟು ಸಾಕು.

ಆಟದ ಸಾಮಾನು ಮಾರುವಾಕೆ ಹಳೆಯ ಪರಿಚಯ. ಎಷ್ಟು ಜನ, ಎಷ್ಟು ಹೊತ್ತು ಎಂದು ಕೇಳಿದ ಮೇಲೆ ಅವಳು ತಪ್ಪದೆ ಕೇಳುವ ಮೂರನೆಯ ಪ್ರಶ್ನೆ, ಯಾರ ಮೇಲೆ ಯಾರಿಗೆ ಸಿಟ್ಟಿದೆ ಎಂಬುದು. ಇವನು ಎಲ್ಲವನ್ನೂ ಹೇಳಿದ. ಅವಳು ಮೇಲಿನ ಸಾಲಿನಿಂದ ಒಂದು ಪೆಟ್ಟಿಗೆ ಇಳಿಸಿದಳು. ಅದರಲ್ಲಿ ನಾಲ್ಕೂ ಜನ ಒಂದೇ ಪಕ್ಷ. ಎಲ್ಲರೂ ಕೂಡಿ ಕಾಡ್ಗಿಚ್ಚು ನಂದಿಸಬೇಕು. ಗೆದ್ದರೆ ಎಲ್ಲರೂ ಗೆದ್ದಂತೆ, ಸೋತರೆ ಕಾಡು ಸೋತಂತೆ. ಹಾವೂ ಸಾಯದ, ಕೋಲೂ ಮುರಿಯದ ಆಟ. ಆದರೆ ಅದನ್ನು ಅವಳು ಬರುವ ದಿನ ಮೇಜಿನ ಮೇಲೆ ತರಬೇಕಾದರೆ ಈ ವಾರ ಇವನು ಕೊನೆಗೆ ಬರಬೇಕು. ಸುಮ್ಮನೆ ಕೇಳಬಹುದಿತ್ತು. ಕೇಳಿದರೆ ಯಾಕೆಂದು ಹೇಳಬೇಕು, ಹೇಳಿದರೆ ಆಟ ಅಂದರೆ ಪ್ರಾಣ ಎಂದ ಸುಳ್ಳು ಹೊರಬೀಳುತ್ತದೆ.

ಇದರ ಜೊತೆಗೆ ಭಾವನವರೂ ಸೋಲಲು ಹೊಂಚು ಹಾಕಿದ್ದರು. ಅವರು ಒಂದು ರೈಲಿನ ಆಟ ತಂದಿಟ್ಟುಕೊಂಡಿದ್ದರು. ಪೆಟ್ಟಿಗೆಯನ್ನು ಇಬ್ಬರು ಎತ್ತಬೇಕು, ಮುಗಿಯಲು ನಾಲ್ಕೂವರೆ ಗಂಟೆ. ಮೊದಲ ಸಲ ಬರುವ ಹುಡುಗಿಯ ಮುಂದೆ ಅದನ್ನು ಬಿಚ್ಚಿದರೆ ಅವಳು ಎರಡನೆಯ ಸಲ ಈ ಬೀದಿಗೂ ಬರಲಾರಳು ಎಂದು ಬೀಗದವನ ಅಂದಾಜು.

ಈ ಭಾನುವಾರ ಇಳಿದದ್ದು ದೋಣಿಯ ಆಟ. ಹಲಗೆಯ ತುಂಬ ಒಂದು ನದಿ, ಅದರ ದಡದಲ್ಲಿ ಏಳು ಊರು. ಉಪ್ಪು, ಮರ, ಬಟ್ಟೆ, ಗಾಜು ಬರೆದ ಕಾರ್ಡುಗಳನ್ನು ದೋಣಿಯಲ್ಲಿ ಸಾಗಿಸಿ ಬೇಕಾದ ಊರಿನಲ್ಲಿ ಇಳಿಸಿದರೆ ಅಂಕ. ಕೊನೆಗೆ ಕೈಯಲ್ಲಿ ಉಳಿದ ಕಾರ್ಡು ತೋರಿಸಿದರೆ ಅದಕ್ಕೂ ಒಂದಿಷ್ಟು. ಬೀಗದವನು ಉಪ್ಪನ್ನು ಉಪ್ಪಿನೂರಿಗೇ ಒಯ್ದ. ಭಾವ ಖಾಲಿ ದೋಣಿಯನ್ನು ಮೇಲೆ ಕೆಳಗೆ ಓಡಾಡಿಸಿ, ಡಿಪೋದಲ್ಲಿ ಇದೇ ಅಭ್ಯಾಸ ಎಂದರು. ಇಷ್ಟಾದರೂ ಬೀಗದವನ ಅಂಕ ಏರುತ್ತಲೇ ಇತ್ತು. ಬೇಡದ ಕಡೆ ದೋಣಿ ನಿಲ್ಲಿಸಿದರೆ, ಮರುಕ್ಷಣ ಅಕ್ಕ ತನ್ನ ಸರತಿಯಲ್ಲಿ ಅದೇ ಊರಿಗೆ ಬೇಡಿಕೆ ಹುಟ್ಟಿಸುತ್ತಿದ್ದಳು. ಗಾಜು ಕೊಡುತ್ತೇನೆ ಎಂದರೆ ಬೇಡವೆಂದು ತನ್ನ ಬಟ್ಟೆಯನ್ನೇ ಅವನ ಕಡೆ ತಳ್ಳುತ್ತಿದ್ದಳು; ಭಾವನ ಖಾಲಿ ದೋಣಿಗೂ ಮರ ಹೇರಿಸುತ್ತಿದ್ದಳು. ಮುಖದಲ್ಲಿ ಏನೂ ಇಲ್ಲ, ದೃಷ್ಟಿ ಹಲಗೆಯ ಮೇಲೆ. ಕೊನೆಗೆ ಎಣಿಸಿದಾಗ ಭಾವನಿಗೆ ಮೂವತ್ತಮೂರು, ತಮ್ಮನಿಗೆ ಮೂವತ್ತೊಂದು, ಅಕ್ಕನಿಗೆ ಮೂವತ್ತು.

ಮುಟ್ಟಿದೊಡನೆ ತೆರೆದುಕೊಳ್ಳುವ ಬೀಗ ಕಂಡರೆ ಬೀಗದವನು ಸಂತೋಷಪಡುವುದಿಲ್ಲ. ಒಳಗೆ ಏನೋ ಕೆಟ್ಟಿದೆ ಎಂದುಕೊಳ್ಳುತ್ತಾನೆ. ಅವನು ಕೈ ಚಾಚಿ, ಆಡಿ ಬಿಟ್ಟ ಕಾರ್ಡುಗಳ ರಾಶಿಯನ್ನು ಮಗುಚಿ ನೋಡಿದ. ತಳದಲ್ಲಿ ಎರಡು ಉಪ್ಪಿನ ಕಾರ್ಡು. ಯಾರೂ ಆಡಿದ್ದಲ್ಲ. ತೋರಿಸಿದ್ದರೆ ಆರು ಅಂಕ.

"ಅಕ್ಕ, ಇವು ನಿನ್ನವು."

ಅಕ್ಕ ನೋಡಿದಳು. ತರಗತಿಯಲ್ಲಿ ನಕಲು ಹೊಡೆದು ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಈಗ ಅದು ಅವಳದೇ ಮುಖದ ಮೇಲಿತ್ತು.

"ಯಾವಾಗಿನಿಂದ?"

"ನಿನಗೆ ಮುಂದಿನ ಹಲ್ಲು ಬಿದ್ದಿತ್ತಲ್ಲ, ಆವಾಗಿನಿಂದ."

ಭಾವನವರು ಮಧ್ಯೆ ಬಾಯಿ ಹಾಕಿ, ಮದುವೆಯಾದ ಎರಡನೇ ವಾರಕ್ಕೇ ತಮಗೆ ಇದು ತಿಳಿದಿತ್ತೆಂದೂ, ಇಬ್ಬರೇ ಇದ್ದಾಗ ಇವಳು ಒಂದು ಆಟವನ್ನೂ ತಮಗೆ ಬಿಟ್ಟುಕೊಟ್ಟಿಲ್ಲವೆಂದೂ ದುಃಖದಿಂದ ಹೇಳಿಕೊಂಡರು. ಯಾವಾಗಲೂ ಒಂದೇ ಅಂಕದಲ್ಲಿ ಸೋಲುವುದು ಅವಳಿಗೊಂದು ಹವ್ಯಾಸವಂತೆ; ಹೆಚ್ಚಾದರೆ ಅನುಮಾನ ಬರುತ್ತದೆ, ಸಮವಾದರೆ ಚೆಂದವಿರುವುದಿಲ್ಲ.

ಬೀಗದವನ ಇಪ್ಪತ್ತಾರು ವರ್ಷದ ಗೆಲುವು ಯಾರದೋ ಮನೆಯಿಂದ ಕೇಳಿ ತಂದ ಪಾತ್ರೆಯಂತೆ ಎದುರಿಗೆ ಕುಳಿತಿತ್ತು. ಆಮೇಲೆ, ಹೇಗೂ ಮಾನ ಹೋಗಿದೆಯೆಂದು ಉಳಿದದ್ದನ್ನೂ ಹೇಳಿದ: ಹುಡುಗಿಗೆ ಆಟವೆಂದರೆ ಪ್ರಾಣವಲ್ಲ, ಭಯ, ಅವಳಪ್ಪನ ಕತೆ, ಅವಳು ಕೇಳಿದ ಪ್ರಶ್ನೆ, ತಾನು ಕೊಟ್ಟ ಉತ್ತರ, ಕಾಡ್ಗಿಚ್ಚಿನ ಪೆಟ್ಟಿಗೆ. ಇವತ್ತೊಂದು ದಿನ ನನ್ನನ್ನು ಸೋಲೋಕೆ ಬಿಡಬಹುದಿತ್ತಲ್ಲ ಎಂದ.

ಅಕ್ಕ ಆ ಎರಡು ಕಾರ್ಡುಗಳ ಅಂಚನ್ನು ಸಮಮಾಡುತ್ತ ಕುಳಿತಳು.

"ಅವಳು ಕೇಳಿದ್ದು ಆಟದ ಮಾತಲ್ಲ ಕಣೋ, ನಿನ್ನ ಮಾತು. ಅದಕ್ಕೆ ಉತ್ತರ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದ್ದು ನಾನೇ." ಆಮೇಲೆ ಲೆಕ್ಕದ ಟೀಚರ ದನಿಯಲ್ಲಿ ಹೇಳಿದಳು: "ಕೊನೆಗೆ ಬಂದಿದ್ದು ನಾನು. ಮುಂದಿನ ವಾರವೂ ದೋಣಿ ಆಟವೇ. ಮೈ ಮೇಲೆ ಎಚ್ಚರ ಇಟ್ಟು ಆಡು. ನಾನು ಬಿಡೋದಿಲ್ಲ."

ಆ ಭಾನುವಾರ ಎಕ್ಸ್‌ರೇಯವಳು ಬಿಸ್ಕತ್ತಿನ ಡಬ್ಬಿ ಹಿಡಿದು ಬಂದಳು. ಮೇಜು ಎರಡು ಸಲ ಒರೆಸಿದ್ದನ್ನು ನೋಡಿ, ಆಪರೇಷನ್ ಕೋಣೆಯಲ್ಲೂ ಇಷ್ಟು ಮಾಡುವುದಿಲ್ಲ ಎಂದಳು. ಅಕ್ಕನಿಗೆ ಅವಳು ಅಲ್ಲೇ ಅರ್ಧ ಹಿಡಿಸಿದಳು. ಭಾವ ನಿಯಮಗಳನ್ನು ವಿವರಿಸಿದರು. ಅವಳು ಎಲ್ಲವನ್ನೂ ಒಂದೇ ಸಲಕ್ಕೆ ಹಿಡಿದುಕೊಂಡಳು. ಕುರ್ಚಿಯನ್ನು ಮಾತ್ರ, ಬೇಕೆಂದರೆ ಎದ್ದು ಹೋಗಲು ಅನುಕೂಲವಾಗುವಂತೆ, ಬಾಗಿಲ ಕಡೆ ಓರೆಯಾಗಿಟ್ಟುಕೊಂಡಿದ್ದಳು.

ಆಮೇಲೆ ಅಕ್ಕ ಆಡಿದಳು. ಆ ಮನೆಯಲ್ಲಿ ಅದನ್ನು ಹಿಂದೆ ನೋಡಿದ್ದವರು ಭಾವ ಒಬ್ಬರೇ, ಅವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. ಅವಳು ಕಾರ್ಡು ಇಡುವಾಗ ಸದ್ದಾಗುತ್ತಿರಲಿಲ್ಲ, ಯೋಚಿಸುವಂತೆಯೂ ಕಾಣುತ್ತಿರಲಿಲ್ಲ. ತಮ್ಮ ಯಾವ ಊರಿನತ್ತ ತಿರುಗಿದರೂ ಅಲ್ಲಿ ಅವಳ ದೋಣಿ ಮೊದಲೇ ಕಟ್ಟಿ ನಿಂತಿರುತ್ತಿತ್ತು. ಎಕ್ಸ್‌ರೇಯವಳ ಉಪ್ಪಿನ ದೋಣಿಯನ್ನೂ ನಡುನೀರಿನಲ್ಲಿ ತಡೆದಳು. ಅತಿಥಿ ಎಂಬ ದಾಕ್ಷಿಣ್ಯ ತೋರಲಿಲ್ಲ. ಎಣಿಸಿದಾಗ ಅಕ್ಕನಿಗೆ ಅರವತ್ತೊಂದು, ಭಾವನಿಗೆ ನಲವತ್ತಮೂರು, ಎಕ್ಸ್‌ರೇಯವಳಿಗೆ ಮೂವತ್ತೆಂಟು. ಬೀಗದವನಿಗೆ ಹತ್ತೊಂಬತ್ತು.

ಅವನ ಕಿವಿ ಕೆಂಪಾಯಿತು. ನಾಲ್ಕು ಟೀ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದ. ನಲ್ಲಿ ತಿರುಗಿಸಿದ ಸದ್ದು, ನೀರಿನ ಸದ್ದು, ಆಮೇಲೆ ಬಹಳ ಹೊತ್ತು ನೀರಿನ ಸದ್ದೇ. ದಿನಕ್ಕೆ ನೂರು ಜನಕ್ಕೆ ಉಸಿರು ಹಿಡಿಯಿರಿ ಎಂದು ಹೇಳುವವಳು ಈಗ ತಾನೇ ಹಿಡಿದು ಕುಳಿತಿದ್ದಳು. ಅಕ್ಕ ಎದ್ದು ಹೋಗಲು ಮೇಜಿಗೆ ಕೈ ಊರಿದಳು; ಭಾವ ಆ ಕೈಯ ಮೇಲೆ ತಮ್ಮ ಕೈ ಇಟ್ಟರು.

ಅಡುಗೆಮನೆಯಲ್ಲಿ ಬೀಗದವನು ಒಂದೇ ಲೋಟವನ್ನು ಮೂರನೆಯ ಸಲ ತೊಳೆಯುತ್ತಿದ್ದ. ಮೊದಲು ಉರಿಯಿತು, ನಿಜ. ಎಲ್ಲವನ್ನೂ ಎಸೆದು ಎಲ್ಲಾದರೂ ನುಸುಳಬೇಕು ಅನ್ನಿಸಿತು. ಆದರೆ ಅಲ್ಲಿ ಅವನು ನುಸುಳುವಷ್ಟು ಜಾಗವಿರಲಿಲ್ಲ, ಲೋಟಗಳೂ ಸ್ಟೀಲಿನವು. ನಿಂತು ಕಾದ. ಉರಿ ತಾನಾಗಿಯೇ ಇಳಿಯತೊಡಗಿದಾಗ ಅವನಿಗೆ ಆಶ್ಚರ್ಯವಾಯಿತು: ಇಷ್ಟೇನಾ? ಅದರ ಹಿಂದೆಯೇ, ಅಕ್ಕ ಅಷ್ಟು ಚೆನ್ನಾಗಿ ಆಡುತ್ತಾಳೆಂದು ಇಷ್ಟು ವರ್ಷ ತನಗೆ ನೋಡಲು ಸಿಗಲಿಲ್ಲವಲ್ಲ ಎಂಬ ಬೇಸರ ಬಂತು. ಕೈ ಒರೆಸಿಕೊಂಡು ಹೊರಗೆ ಬಂದು ಅಕ್ಕನ ಎದುರು ಕುಳಿತ.

"ನಾನು ಸೋತೆ ಅಂತ ನಿನಗೆ ಯಾವ ಸುತ್ತಿನಲ್ಲಿ ಗೊತ್ತಾಯ್ತು?"

"ಎರಡನೇದರಲ್ಲಿ."

"ಅಷ್ಟು ಬೇಗನಾ," ಎಂದು ಅವನು ಹಲಗೆಯ ಮೇಲೆ ಬಗ್ಗಿ, ಎಲ್ಲಿ ತಪ್ಪಿದೆ ತೋರಿಸು ಎಂದ. ಅಕ್ಕ ತೋರಿಸಿದಳು. ಎಕ್ಸ್‌ರೇಯವಳು ಉಸಿರು ಬಿಟ್ಟಳು.

ಹೊರಟಾಗ ಇನ್ನೂ ಬಿಸಿಲಿತ್ತು. ಬಸ್‌ಸ್ಟಾಪಿನವರೆಗೆ ಅವಳು ಒಂದು ಮಾತೂ ಆಡಲಿಲ್ಲ. ಬೀಗದವನು ತನ್ನ ತಪ್ಪುಗಳನ್ನು ಎಣಿಸತೊಡಗಿದ. ಲೋಟ ತೊಳೆದದ್ದು ಹೆಚ್ಚಾಯಿತೇನೋ, ಕಿವಿ ಕೆಂಪಾದದ್ದು ಕಂಡಿತೇನೋ. ಬೆಂಚಿನ ಮೇಲೆ ಕುಳಿತ ಮೇಲೆ ಅವಳೇ ಬಾಯಿಬಿಟ್ಟಳು.

"ನಿಮ್ಮಕ್ಕ ನನ್ನ ಉಪ್ಪಿನ ದೋಣಿ ತಡೆದಿದ್ದು ಸರಿಯಲ್ಲ."

ಅಷ್ಟಕ್ಕೇ ನಿಲ್ಲಲಿಲ್ಲ. ತಡೆಯದಿದ್ದರೆ ತನಗೆ ಐವತ್ತರ ಮೇಲಾಗುತ್ತಿತ್ತು; ಭಾವ ನಿಯಮ ಹೇಳುವಾಗ ಅದೊಂದನ್ನು ಒತ್ತಿ ಹೇಳಲಿಲ್ಲ; ಮೊದಲ ಸಲ ಬಂದವರ ಹತ್ತಿರ ಹಾಗೆ ಯಾರಾದರೂ ಆಡುತ್ತಾರಾ. ದನಿ ಏರುತ್ತ ಹೋದಂತೆ, ಪಕ್ಕದಲ್ಲಿ ತರಕಾರಿ ಚೀಲ ಇಟ್ಟುಕೊಂಡಿದ್ದ ಹೆಂಗಸು ಚೀಲವನ್ನು ತೊಡೆಯ ಮೇಲೆತ್ತಿಕೊಂಡಳು. ಆಗ ಇವಳಿಗೇ ಅದು ಕೇಳಿಸಿತು. ಬಾಯಿ ತೆರೆದದ್ದು ಹಾಗೇ ನಿಂತಿತು.

"ಅಯ್ಯೋ, ಇದು ನಮ್ಮಪ್ಪನ ಮಾತು. ಅಕ್ಷರ ಅಕ್ಷರ ಅವರದೇ."

ಬೀಗದವನು ನಗಬಾರದೆಂದು ನೆಲ ನೋಡಿದ. ಬಸ್ಸು ಬಂತು, ಇಬ್ಬರೂ ಏಳಲಿಲ್ಲ. ಅವಳು ಬೆಂಚಿನ ಧೂಳಿನಲ್ಲಿ ಬೆರಳಿಂದ ನದಿ ಎಳೆದು ಏಳು ಊರು ಗುರುತಿಸಿ, ನೀನೇ ಹೇಳು, ನನ್ನ ದೋಣಿ ಇಲ್ಲಿತ್ತು, ನನ್ನದೇನು ತಪ್ಪು ಎಂದು ಕೇಳಿದಳು.

ತಪ್ಪು ಅವಳದೇ. ಅವನಿಗೆ ಕಾಣುತ್ತಿತ್ತು. ಮೂರನೆಯ ಸುತ್ತಿನಲ್ಲಿ ಅವಳು ಆಸೆಬಿದ್ದು ದೋಣಿಯನ್ನು ತೀರಾ ತುಂಬಿದ್ದಳು. ಅಕ್ಕ ತಡೆಯದಿದ್ದರೂ ಅದು ತಲುಪುತ್ತಿರಲಿಲ್ಲ. ನಿನ್ನದೇನೂ ತಪ್ಪಿಲ್ಲ ಎಂದುಬಿಡುವುದು ಬಹಳ ಸುಲಭವಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು; ಅಕ್ಕನ ಕೈಯಲ್ಲಿ ಬೆಳೆದವನಿಗೆ ಅದು ರಕ್ತದಲ್ಲೇ ಇತ್ತು.

"ತಪ್ಪು ನಿನ್ನದೇ," ಎಂದ. "ಇಲ್ಲಿ ನೋಡು."

ಅವಳು ಅವನ ಬೆರಳನ್ನು ನೋಡಿದಳು, ಮುಖ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬೆಂಚಿನ ಮೇಲೆ ಅಡ್ಡ ತಿರುಗಿ ಕುಳಿತಳು. ಅದು ಹೇಗೆ ತನ್ನ ತಪ್ಪಲ್ಲ ಎಂದು ಅವಳು ವಾದಿಸುತ್ತಿರುವಾಗ ಇನ್ನೊಂದು ಬಸ್ಸು ಬಂದು, ಸ್ವಲ್ಪ ಕಾದು, ಹೊರಟುಹೋಯಿತು.