ನಿಂಬೆ ಬೆರೆಸಿದ ಸನ್‌ಸ್ಕ್ರೀನ್

ಮಧ್ಯರಾತ್ರಿ ಅಡುಗೆಮನೆಯಲ್ಲಿ ಚಮಚ ಬಟ್ಟಲಿಗೆ ತಾಗುವ ಸದ್ದಿಗೆ ಸ್ಪಂದನಳಿಗೆ ಎಚ್ಚರವಾಯಿತು. ಅಮ್ಮ ನಾಳೆಗೇನೋ ಕಲಸಿಡುತ್ತಿರಬೇಕು ಎಂದುಕೊಂಡು ಮಗ್ಗುಲಾದಳು.

ಸ್ಪಂದನಳ ಮುಂಗೈಗಳ ಮೇಲೆ ತೊನ್ನಿನ ಬಿಳಿ ಕಲೆಗಳಿದ್ದವು. ಎರಡು ವರ್ಷದಿಂದ ಅವು ಹರಡಿರಲಿಲ್ಲ. ಹೀಗೇ ನಿಂತಿದ್ದರೆ ಮುಂದಿನ ತಿಂಗಳು ತೊಡೆಯ ಚರ್ಮ ತೆಗೆದು ಅಲ್ಲಿ ಕೂರಿಸಬಹುದು ಎಂದು ಡಾಕ್ಟರು ಹೇಳಿದ್ದರು. ಮೂಡಲಪಾಳ್ಯದಿಂದ ವಿಜಯನಗರದ ಸೀರೆ ಅಂಗಡಿಗೆ ಅವಳು ದಿನಾ ಸ್ಕೂಟರಿನಲ್ಲಿ ಹೋಗುವವಳು. ಹ್ಯಾಂಡಲ್ ಹಿಡಿದ ಕೈಗೆ ನೆರಳೆಲ್ಲಿ? ಅದಕ್ಕೆಂದೇ ಸನ್‌ಸ್ಕ್ರೀನ್ ಬರೆದುಕೊಟ್ಟಿದ್ದರು.

ಬೆಳಿಗ್ಗೆ ಟ್ಯೂಬಿನ ಬದಲು ಪುಟ್ಟ ಡಬ್ಬಿ ಇತ್ತು.

“ಟ್ಯೂಬ್ ಒಡೀತು ಕಣೇ, ಡಬ್ಬಿಗೆ ಹಾಕಿದೀನಿ” ಎಂದರು ಅಮ್ಮ ಕಲ್ಯಾಣಮ್ಮ.

“ಇದೇನಮ್ಮ, ಉಪ್ಪಿನಕಾಯಿ ವಾಸನೆ?”

“ಗಮ್ ಅಂತಿದ್ರೆ ನಿನಗೇನು ಕಷ್ಟ? ಹಚ್ಕೊಂಡ್ ಹೊರಡು, ಲೇಟಾಯ್ತು.”

ಅದು ಏಪ್ರಿಲ್ ಬಿಸಿಲು. ಮರುದಿನ ಕೈ ಕೆಂಪಾಯಿತು. ಅದರ ಮರುದಿನ ಬೊಬ್ಬೆ ಎದ್ದಿತು, ಬಿಸಿ ಎಣ್ಣೆ ಸಿಡಿದಂತೆ.

ಹಿಂದಿನ ಬೀದಿಯ ಕವನಾ ಬಂದು ನೋಡಿದಳು. ಕ್ರೀಮು ತಯಾರಿಸುವ ಕಂಪನಿಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಡಬ್ಬಿ ಮೂಸಿದವಳೇ ಮುಖ ಗಂಟಿಕ್ಕಿದಳು.

“ಇದಕ್ಕೆ ಏನು ಬೆರೆಸಿದ್ದು? ಯಾರು?”

ಕಲ್ಯಾಣಮ್ಮ ಕಾಫಿ ಲೋಟ ಕೆಳಗಿಟ್ಟು ಸೆರಗಿನ ಅಂಚು ಮಡಚತೊಡಗಿದರು. ಸ್ಪಂದನಳಿಗೆ ಆ ರಾತ್ರಿಯ ಚಮಚದ ಸದ್ದು, ಬೆಳಿಗ್ಗೆ ಕಸದಲ್ಲಿ ಕಂಡ ಲೋಳೆಸರದ ಸಿಪ್ಪೆ, ಹಿಂಡಿದ ನಿಂಬೆ ಹೋಳು ನೆನಪಾದವು.

“ನಾನೇ” ಎಂದಳು. “ಲೋಳೆಸರ, ನಿಂಬೆಹಣ್ಣು.”

“ಓದಿರೋಳು ನೀನು! ತಲೇಲಿ ಏನಿತ್ತೇ?”

“ಅಲ್ಲಮ್ಮ,” ಕಲ್ಯಾಣಮ್ಮ ಮೆಲ್ಲಗೆ ಕೇಳಿದರು, “ಟ್ಯೂಬ್ ಮೇಲೇ ಲೋಳೆಸರ ಅಂತ ಬರ್ದಿತ್ತಲ್ಲ. ಅವ್ರು ಹಾಕಿದ್ರೆ ಒಳ್ಳೇದು, ಮನೇದು ಹಾಕಿದ್ರೆ ಕೆಟ್ಟದಾ? ನಿಂಬೆಹಣ್ಣು ಹಚ್ಚಿದ್ರೆ ಸುತ್ತಲ ಬಣ್ಣ ತಿಳಿಯಾಗತ್ತೆ, ಕಲೆ ಎದ್ದು ಕಾಣಲ್ಲ ಅಂತಾರಪ್ಪ…”

ಕವನಾ ಅವರ ಪಕ್ಕ ಕೂತಳು. “ಆಂಟಿ, ನಾವೂ ಗಿಡದ ಸಾರ ಹಾಕ್ತೀವಿ. ಹಸಿರು ಚಹಾದ್ದು, ದಾಳಿಂಬೆ ಸಿಪ್ಪೇದು. ಬಿಸಿಲಿನಿಂದ ಚರ್ಮಕ್ಕಾಗೋ ಪೆಟ್ಟನ್ನ ಅದು ಸ್ವಲ್ಪ ಕಮ್ಮಿ ಮಾಡಬಹುದು. ಆದ್ರೆ ಬಿಸಿಲು ತಡೆಯೋ ವಸ್ತು ಬೇರೆ ಇರತ್ತೆ, ಸಾರ ಅದಕ್ಕೆ ಜೊತೆ ಅಷ್ಟೇ. ಚೂರೇ ಹಾಕಿ, ಅಳೆದು, ಚರ್ಮಕ್ಕೆ ಒಗ್ಗತ್ತಾ ಅಂತ ಎಷ್ಟೋ ಸಲ ನೋಡ್ತೀವಿ. ಮನೇಲಿ ಬೆರೆಸಿದ್ರೆ ಕ್ರೀಮು ತೆಳ್ಳಗಾಗತ್ತೆ, ಹಾಲಿನ ಥರ ಒಡೆದೂ ಹೋಗತ್ತೆ. ಬಿಸಿಲು ತಡೆಯೋ ಶಕ್ತಿ ಉಳಿಯಲ್ಲ.”

“ಮತ್ತೆ ನಿಂಬೆಹಣ್ಣು?”

“ಅದು ಇನ್ನೂ ಮೋಸ. ಅದರ ರಸ, ಸಿಪ್ಪೆ ಎಣ್ಣೆ ಮೈ ಮೇಲಿರುವಾಗ ಬಿಸಿಲು ಬಿದ್ರೆ ಹೀಗೇ ಸುಡತ್ತೆ.”

ಕಲ್ಯಾಣಮ್ಮ ಎದ್ದು ಹೋಗಿ ಡಬ್ಬಿಯನ್ನು ಕಸಕ್ಕೆ ಹಾಕಿ ಬಂದರು. ಮಗಳ ಕೈಯ ಕಡೆ ನೋಡಲಿಲ್ಲ.

ಬೊಬ್ಬೆ ಮಾಯ್ದ ಜಾಗದಲ್ಲೇ ಹೊಸ ಬಿಳಿ ಚುಕ್ಕೆಗಳು ಮೂಡಿದವು. ಗಾಯವಾದ ಕಡೆ ತೊನ್ನು ಹೀಗೆ ಹರಡುವುದುಂಟು ಎಂದರು ಡಾಕ್ಟರು. ಚರ್ಮ ಕೂರಿಸುವುದು ಸದ್ಯಕ್ಕಿಲ್ಲ. ಕಲೆ ಮತ್ತೆ ಒಂದು ವರ್ಷವಾದರೂ ಹರಡದೆ ನಿಲ್ಲಬೇಕು. ಸ್ಪಂದನ ಲೋಳೆಸರ, ನಿಂಬೆ ಎರಡನ್ನೂ ಅವರಿಗೆ ಮುಚ್ಚಿಡದೆ ಹೇಳಿದಳು. ಹೊರಗಿನ ಬೆಂಚಿನಲ್ಲಿ ಅಮ್ಮ ಸೆರಗನ್ನು ಬಾಯಿಗೊತ್ತಿ ಕೂತಿದ್ದರು. ಅವರ ಬೆರಳಿನಲ್ಲಿ ಇನ್ನೂ ನಿಂಬೆಯ ಘಮವಿದೆಯೇನೋ ಎಂದು ಸ್ಪಂದನಳಿಗೆ ಅನ್ನಿಸಿತು.

“ಏನಂದ್ರೇ?”

“ವಾಸಿಯಾಗತ್ತಂತೆ. ನಡಿ, ಬಿಸಿಲೇರ್ತಾ ಇದೆ.”

ಓದುತ್ತಿರುವ ಅಕ್ಕತಂಗಿಯರೇ, ಟ್ಯೂಬಿನ ಮೇಲೆ ಗಿಡದ ಹೆಸರಿದೆಯೆಂದು ಹಿತ್ತಲಿನ ಗಿಡವನ್ನು ಅದಕ್ಕೆ ಬೆರೆಸಬೇಡಿ. ಡಾಕ್ಟರು ಕೊಟ್ಟದ್ದನ್ನು ಕೊಟ್ಟಂತೆಯೇ ಹಚ್ಚಿ. ತೋಳು ತುಂಬ ಬಟ್ಟೆ, ಕೈಗವಸು ಹಾಕಿ. ನಿಂಬೆ ಹಿಂಡಿದ ಕೈ ತೊಳೆಯದೆ ಬಿಸಿಲಿಗೆ ಹೋಗಬೇಡಿ. ಅನುಮಾನ ಬಂದರೆ ಮೊದಲು ಕೇಳಿ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಇಂಥ ತಪ್ಪು ಆಗಿಬಿಡುತ್ತದೆ.

ಡಾಕ್ಟರ ಬಳಿಯಿಂದ ಬಂದ ಆ ಸಂಜೆ ಪಕ್ಕದ ಮನೆಯ ಹನುಮಕ್ಕ ಗೇಟಿನಲ್ಲೇ ತಡೆದು, “ಕೈಗೇನಾಯ್ತೇ ಮಗಳೇ?” ಎಂದರು. ಒಳಗೆ ಪಾತ್ರೆ ತೊಳೆಯುವ ಸದ್ದು ತಟ್ಟನೆ ನಿಂತಿತು.

“ಒಗ್ಗರಣೆ ಸಿಡೀತು ಆಂಟಿ” ಎಂದಳು ಸ್ಪಂದನ. ಆ ಮಧ್ಯರಾತ್ರಿ ಚಮಚ ತಿರುವಿದ ಕೈ ಯಾರದೆಂದು ಎಂದಿಗೂ ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿಕೊಂಡಳು.