ಕೊನೆಯ ಪುಟದ ಹೆಬ್ಬೆರಳು

ಸಹೃದಯ ವಾಚಕ ಮಹಾಶಯನೇ, ಜೀವನವೆಂಬ ಮಹಾಸಾಗರದ ದಡದಲ್ಲಿ ದಿಕ್ಕುಗಾಣದೆ ನಿಂತಿರುವ ನಿನಗೆ ಈ ಗ್ರಂಥವು ದೋಣಿಯಾಗಲಿ — ಎಂದು ಮೊದಲ ಪುಟವೇ ಕೈಮುಗಿದು ನಿಂತಿತ್ತು, ಅವನು ನಿಂತಿದ್ದದ್ದು ಮಾತ್ರ ಹಳೇ ಪುಸ್ತಕದಂಗಡಿಯ ಅಲುಗಾಡುವ ಏಣಿಯ ಮೇಲೆ, ಹೆಗಲಲ್ಲಿ ಹೊಲಿಗೆ ಯಂತ್ರ ರಿಪೇರಿಯ ಚೀಲ, ಮೂಗಿನಲ್ಲಿ ಮಾಸಿದ ಕಾಗದದ ವಾಸನೆ, ಬಸ್ಸಿಗೆ ಇನ್ನು ಸ್ವಲ್ಪವೇ ಹೊತ್ತು, ದೋಣಿಯಂತೆ ದೋಣಿ, ಅಕ್ಕನಿಗೆ ನೀರು ಕಂಡರೇ ಆಗದು, ಆಪರೇಷನ್ ಆಗಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದಾಳೆ, ಬೆಳಿಗ್ಗೆ ಫೋನಿನಲ್ಲಿ, ಬಂದು ಏನಾದ್ರೂ ಓದಿ ಹೇಳೋ ಅಲೆಮಾರಿ, ನಿನ್ನ ಕೊಲೆ ದರೋಡೆ ಪುಸ್ತಕ ಬೇಡ ಕಣೋ, ಬೆಳಗಾದ್ರೆ ಯಾಕೆ ಏಳಬೇಕು ಅಂತ ತಿಳಿಯೋಂಥದ್ದು ಒಂದು ತಾ, ಎಂದು ನಕ್ಕಿದ್ದಳು, ನಗು ಮೊದಲಿನದೇ, ಆದರೆ ಭಾವ ತೀರಿಕೊಂಡ ಮೇಲೆ ತನ್ನ ಹೊಲಿಗೆ ಯಂತ್ರದ ಮುಚ್ಚಳವನ್ನು ಅವಳು ತೆಗೆದೇ ಇಲ್ಲ, ಊರೂರಿನ ಯಂತ್ರಗಳನ್ನು ಓಡಿಸಿ ಬರುವ ತಮ್ಮ ಆ ಮುಚ್ಚಳವನ್ನು ಮುಟ್ಟುವ ಧೈರ್ಯ ಮಾಡಿಲ್ಲ — ಕೆಳಗಿನಿಂದ ಅಂಗಡಿಯ ತಾತ, ಏನಪ್ಪಾ, ಪತ್ತೇದಾರಿ ಆ ಕಡೆ, ದಾರಿ ತಪ್ಪಿ ವೇದಾಂತಕ್ಕೆ ಹತ್ತಿದೀಯ, ಅವನು ನಕ್ಕ, ಹತ್ತಿದ್ದಾಯ್ತಲ್ಲ ತಾತ, ಏಣಿ ಗಟ್ಟಿಯಾಗಿ ಹಿಡ್ಕೋ.

ಪುಸ್ತಕ ಆರಿಸುವ ವಿದ್ಯೆಯನ್ನು ಅವನಿಗೆ ಕಲಿಸಿದ್ದು ನಿಲ್ದಾಣಗಳ ಅಗ್ಗದ ಕಾದಂಬರಿಗಳು, ಮುಖಪುಟ ನಂಬಬಾರದು, ಮುಚ್ಚಿದ ಪುಸ್ತಕದ ಅಂಚು ನೋಡಬೇಕು, ಓದಿದವರ ಬೆರಳಿನ ಕೊಳೆ ಎಲ್ಲಿಯವರೆಗೆ ಹತ್ತಿದೆಯೋ ಕಥೆ ಅಲ್ಲಿಯವರೆಗೆ ಜೀವಂತ, ದೋಣಿಯ ಗ್ರಂಥವನ್ನು ಓರೆ ಮಾಡಿ ಹಿಡಿದರೆ ಮೊದಲ ಹತ್ತಿಪ್ಪತ್ತು ಪುಟ ಕಪ್ಪು, ಆಮೇಲೆ ಹಾಲಿನಂತೆ ಬಿಳಿ, ಹತ್ತಿದವರೆಲ್ಲ ದಡದಲ್ಲೇ ಇಳಿದುಬಿಟ್ಟಿದ್ದಾರೆ ಪಾಪ, ಚಿನ್ನದ ಅಕ್ಷರದ ಇನ್ನೊಂದು, ಬಹುಮಾನಕ್ಕೆ ಕೊಟ್ಟದ್ದು, ಪಡೆದ ಪುಣ್ಯಾತ್ಮ ತೆರೆದೇ ಇಲ್ಲ, ಮತ್ತೊಂದು, ಮಗದೊಂದು, ಆಮೇಲೆ ಅವುಗಳ ಸಂದಿನಲ್ಲಿ ರಟ್ಟು ಕಿತ್ತುಹೋದ ಈ ತೆಳ್ಳನೆಯದು, ಅಂಚು ಈ ತುದಿಯಿಂದ ಆ ತುದಿಯವರೆಗೂ ಕಪ್ಪು, ಕೊನೆಯ ಪುಟದ ಮೂಲೆಯಲ್ಲಿ ಒಂದು ಹೆಬ್ಬೆರಳು ಗೆರೆಗೆರೆಯಾಗಿ ಮೂಡಿದೆ, ಯಾರದೋ, ಬಹಳ ಹೊತ್ತು ಅಲ್ಲೇ ಒತ್ತಿ ಹಿಡಿದಂತೆ, ಒಳಗಿನ ಮೊದಲ ಸಾಲು, ಇವತ್ತು ಎದ್ದು ನೀರು ಕಾಯಿಸಿದೆ, ನಾಳೆಯದು ನಾಳೆಗೆ — ಅಷ್ಟೇ, ಮಹಾಸಾಗರವಿಲ್ಲ, ಎದೆಯೊಳಗೆ ಏನೋ ಸಡಿಲಾಯಿತು, ಎಣ್ಣೆ ಬಿದ್ದ ಚಕ್ರ ತಿರುಗಿದ ಹಾಗೆ.

ಏಣಿ ಇಳಿದು ಬಂದರೆ ತಾತ, ಇದಕ್ಕೆ ರಟ್ಟೂ ಇಲ್ಲ, ಬರೆದವರ ಹೆಸರೂ ಇಲ್ಲ, ಯಾರಿಗಪ್ಪಾ ಇದು ಅಂದ, ನಮ್ಮಕ್ಕನಿಗೆ ತಾತ, ಕಣ್ಣು ಕಟ್ಟಿದ್ದಾರೆ, ರಟ್ಟು ಯಾರು ನೋಡ್ತಾರೆ, ತಾತನ ಕೆಮ್ಮಿನಂಥ ನಗು, ಅಕ್ಕ ಬಟ್ಟೆ ಆರಿಸುತ್ತಿದ್ದದ್ದೂ ಕಣ್ಣು ಮುಚ್ಚಿಯೇ, ಅಂಚನ್ನು ಬೆರಳಲ್ಲಿ ಉಜ್ಜಿ, ಬಣ್ಣ ಮೋಸ ಮಾಡುತ್ತೆ ಕಣೋ, ನಂಬೋದಾದ್ರೆ ಬೆರಳನ್ನ ನಂಬು ಅನ್ನುತ್ತಿದ್ದಳು, ನೂರು ಕೈ ಮುಟ್ಟಿ ಮುಟ್ಟಿ ಈ ಪುಸ್ತಕದ ಅಂಚು ಹಳೇ ಹತ್ತಿಬಟ್ಟೆಯಷ್ಟು ಮೆತ್ತಗಾಗಿದೆ, ಅವಳಿಗೆ ಗೊತ್ತಾಗುತ್ತದೆ, ಓದುವ ಮೊದಲೇ ಗೊತ್ತಾಗುತ್ತದೆ, ಚೀಲದಲ್ಲಿ ಎಣ್ಣೆಯ ಡಬ್ಬಿಯನ್ನು ಒಂದು ಪಕ್ಕಕ್ಕೆ ಸರಿಸಿ, ಪುಸ್ತಕವನ್ನು ಒಗೆದ ಬಟ್ಟೆಯಲ್ಲಿ ಸುತ್ತಿ, ಯಾರೂ ಕೇಳದಿದ್ದರೂ ಅಕ್ಕನ ಯಂತ್ರಕ್ಕೆಂದು ಒಂದು ಪೊಟ್ಟಣ ಹೊಸ ಸೂಜಿಯನ್ನೂ ಅದರ ಮೇಲಿಟ್ಟು, ಬರ್ತೀನಿ ತಾತ, ಬೀದಿ, ಬಿಸಿಲು, ಬಸ್ಸಿನ ಹಾರನ್, ಕಾಲು ತಾನೇ ಓಡುತ್ತಿದೆ, ಹಿಂದೊಮ್ಮೆ ಯಾರೋ ಕಷ್ಟದಲ್ಲಿ ಇದನ್ನು ಹಿಡಿದು ಕೊನೆಯವರೆಗೂ ಹೋಗಿದ್ದಾರೆ, ಹೋಗಿ ಮುಟ್ಟಿದ್ದಾರೆ, ಮೂಲೆಯಲ್ಲಿ ಆ ಹೆಬ್ಬೆರಳು, ಅದರ ಮೇಲೆ ಇನ್ನು ಅಕ್ಕನ ಹೆಬ್ಬೆರಳು ಇಡಿಸಬೇಕು, ಕಪ್ಪಗೆ, ಗೆರೆಗೆರೆಯಾಗಿ, ಆ ಹೆಬ್ಬೆರಳು —